ಹದಿನಾಲ್ಕು ಮನೆಗೆ ಒಂದೇ ಹೊಲಿಗೆ

ನಮ್ಮ ಬೀದಿಯಲ್ಲಿ ಯಾರ ಅಂಗಿಯ ಕಾಲರನ್ನು ಮಡಚಿ ನೋಡಿದರೂ ಒಳಗೆ ಬಣ್ಣದ ದಾರದ ಪುಟ್ಟ ಗುರುತೊಂದು ಸಿಗುತ್ತದೆ. ಹಲ್ಲಿನ ಡಾಕ್ಟರ ಮನೆಯದು ಹಸಿರು ಏಣಿ. ಬೇಕರಿಯವರದು ಮೀನಿನ ಮುಳ್ಳು. ಬಸ್ ಡ್ರೈವರನದು ಕೆಂಪು ದಾರದ ಅರ್ಧ ಚಕ್ರ. ಇನ್ನರ್ಧ ಎಲ್ಲಿ ಎಂದು ಕೇಳಿದರೆ, "ಅವನು ಮನೇಲಿರೋದೇ ಅರ್ಧ ದಿನ, ಪೂರ್ತಿ ಚಕ್ರ ಯಾಕೆ?" ಎನ್ನುತ್ತಾಳೆ ನನ್ನ ಸೋದರತ್ತೆ. ಇವನ್ನೆಲ್ಲ ಹೊಲಿದವಳು ಅವಳೇ. ಬೀದಿಯ ತುದಿಯ ಲಾಂಡ್ರಿಯಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ, ಮೂವತ್ತೊಂದು ವರ್ಷದಿಂದ ಕೂತಿದ್ದಾಳೆ. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ದಾರದತ್ತೆ.

ಲಾಂಡ್ರಿಯ ಹಿಂಭಾಗದಲ್ಲಿ ಮೂರು ದೊಡ್ಡ ಯಂತ್ರಗಳಿವೆ. ಬೀದಿಯ ಬಟ್ಟೆಯೆಲ್ಲ ಅವುಗಳಲ್ಲಿ ಒಟ್ಟಿಗೇ ಸುತ್ತುತ್ತದೆ, ಒಟ್ಟಿಗೇ ಮಾಳಿಗೆಯ ತಂತಿಯ ಮೇಲೆ ಒಣಗುತ್ತದೆ. ಆಮೇಲೆ ಅತ್ತೆ ಒಂದೊಂದರ ಕಾಲರನ್ನೂ ಸೊಂಟಪಟ್ಟಿಯನ್ನೂ ಹೆಬ್ಬೆರಳಿನಿಂದ ತಿರುಗಿಸಿ ನೋಡಿ, ಆಯಾ ಮನೆಯ ಕಪಾಟಿನ ಗೂಡಿಗೆ ಎಸೆಯುತ್ತಾಳೆ. ಪುಸ್ತಕದಲ್ಲಿ ಬರೆದಿಡುವುದಿಲ್ಲ. ಇನ್ನೂರಕ್ಕೂ ಹೆಚ್ಚು ಗುರುತು ತಲೆಯಲ್ಲೇ ಇವೆ. ಸೂಜಿಗಳನ್ನು ಸೋಪಿನ ತುಂಡಿಗೆ ಚುಚ್ಚಿಟ್ಟುಕೊಳ್ಳುತ್ತಾಳೆ, ದಪ್ಪ ಬಟ್ಟೆಯಲ್ಲೂ ಜಾರಿಕೊಂಡು ಹೋಗಲಿ ಎಂದು.

ಹೊಸ ಮನೆಯವರು ಬಂದರೆ ಅತ್ತೆ ಎರಡೇ ಪ್ರಶ್ನೆ ಕೇಳುತ್ತಾಳೆ. "ಮನೇಲಿ ಎಷ್ಟು ಜನ? ಬೆಳಗ್ಗೆ ಮೊದಲು ಏಳೋದು ಯಾರು?" ಮೊದಲನೆಯದು ಸರಿ. ಎರಡನೆಯದು ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಮೊದಲು ಏಳೋರು ಯಾರು ಅಂತ ಗೊತ್ತಾದ್ರೆ ಆ ಮನೆ ಗೊತ್ತಾಯ್ತು ಅಂತ ಲೆಕ್ಕ. ಮಿಕ್ಕಿದ್ದೆಲ್ಲ ಬರೀ ಬಟ್ಟೆ," ಅಂದಿದ್ದಳು. ನನ್ನ ಮಗಳು ಹುಟ್ಟಿದ ಮೇಲೆ ನಮ್ಮ ಮನೆಯ ಗುರುತನ್ನು ಬಿಚ್ಚಿ ಮತ್ತೆ ಹೊಲಿದಳು: ಮೊದಲು ಚಿಕ್ಕದೊಂದು ನೀಲಿ ಚುಕ್ಕೆ, ಅದರ ಬೆನ್ನಿಗೇ ದೊಡ್ಡದೊಂದು. ಮಗು ಏಳುತ್ತಾಳೆ, ಹಿಂದೆಯೇ ನಾನು ಗಾಬರಿಯಿಂದ ಏಳುತ್ತೇನೆ. ನನ್ನವರಿಗೆ ಚುಕ್ಕೆಯೇ ಇಲ್ಲ. "ಅವರು ಎದ್ದ ಮೇಲೆ ಹೊಲಿದರಾಯ್ತು ಬಿಡು," ಅಂದಳು.

ನಾನು ಹಿಂದೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಎರಡೂವರೆ ವರ್ಷದ ಮಗಳನ್ನು ನೋಡಿಕೊಂಡು ಮನೆಯಲ್ಲಿದ್ದೇನೆ. ನನಗೆ ಎಲ್ಲದಕ್ಕೂ ಹೆದರಿಕೆ. ಮಗು ಸೀನಿದರೆ ಹಣೆ ಮುಟ್ಟುತ್ತೇನೆ, ಸೀನದಿದ್ದರೆ ಯಾಕೆ ಇಷ್ಟು ಸುಮ್ಮನಿದ್ದಾಳೆ ಎಂದು ಹಣೆ ಮುಟ್ಟುತ್ತೇನೆ. ಫೋನಿನಲ್ಲಿ ನಮ್ಮ ಬೀದಿಯದೊಂದು ಗುಂಪಿದೆ. ಅದರಲ್ಲಿ ಬರುವ ಎಚ್ಚರಿಕೆಗಳನ್ನೆಲ್ಲ ಪೂರ್ತಿ ಓದುವವಳು ಬಹುಶಃ ನಾನೊಬ್ಬಳೇ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಹೋದ ವರ್ಷ ಬೀದಿಯ ಹಿಂದಿನ ಮೂರಂತಸ್ತಿನ ಕಟ್ಟಡಕ್ಕೆ ಹೊರಗಿನವರು ಬರತೊಡಗಿದರು. ಗಡಿಯಾಚೆಯವರು, ಬೇರೆ ಮಾತಿನವರು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ. ಮೊದಲು ಮೂರು ಮನೆ, ಆಮೇಲೆ ಏಳು, ಕೊನೆಗೆ ಹದಿನಾಲ್ಕು. ಎಲ್ಲರಿಗೂ ಒಂದೇ ನಮೂನೆಯ ನೀಲಿ ಕೋಟು. ಸಂಜೆ ಐದಕ್ಕೆ ಒಟ್ಟಿಗೆ ಬೀದಿಯಲ್ಲಿ ಬಂದರೆ ನೀರು ಹರಿದು ಬಂದ ಹಾಗೆ ಕಾಣುತ್ತಿತ್ತು. ಚೆನ್ನಾಗಿಯೇ ಕಾಣುತ್ತಿತ್ತು, ನಿಜ ಹೇಳಬೇಕೆಂದರೆ. ಆದರೂ ನಾನು ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಅತ್ತೆಗಂತೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. "ನಮ್ಮೋರ ಕೆಲಸ ಕಿತ್ಕೊಂಡ್ರು," ಅನ್ನುವಳು.

"ಯಾರ ಕೆಲಸ ಅತ್ತೆ?"

"ನಿನ್ನ ಮಾವನದು."

ಮಾವ ಬಾಟಲಿ ಕಾರ್ಖಾನೆಯಲ್ಲಿ ಮುಚ್ಚಳ ಹಾಕುತ್ತಿದ್ದವರು. ಅವರು ತೀರಿಕೊಂಡೇ ಒಂಬತ್ತು ವರ್ಷವಾಯಿತು. "ಮಾವನ ಕೆಲಸ ಹೋಗಿದ್ದು ಮುಚ್ಚಳ ಹಾಕೋ ಯಂತ್ರ ಬಂದಿದ್ದಕ್ಕಲ್ವಾ?"

"ಆ ಯಂತ್ರ ಎಲ್ಲಿಂದ ಬಂತು? ಅದೂ ಹೊರಗಿಂದ್ಲೇ ಬಂತು."

ಇಂಥ ಮಾತಿಗೆ ನಾನು ನಕ್ಕುಬಿಡುತ್ತಿದ್ದೆ. ಈಗ ಅನ್ನಿಸುತ್ತದೆ, ಆ ನಗು ಅಷ್ಟು ಸುಲಭವಾಗಿ ಬರಬಾರದಿತ್ತು.

ಅದೊಂದು ಸೋಮವಾರ, ಬೆಳಗಿನ ಆರೂವರೆ. ಹಿಂದಿನ ಕಟ್ಟಡದಿಂದ ಇಪ್ಪತ್ತಕ್ಕೂ ಹೆಚ್ಚು ಜನ, ಗಂಡಸರು ಹೆಂಗಸರು, ಒಗೆದ ನೀಲಿ ಕೋಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಒಟ್ಟಿಗೆ ಲಾಂಡ್ರಿಗೆ ನುಗ್ಗಿದರು. ಆಗಿನ್ನೂ ಲಾಂಡ್ರಿಯ ಯಜಮಾನ ಬಂದಿರಲಿಲ್ಲ, ಅತ್ತೆ ಒಬ್ಬಳೇ ಇದ್ದಳು. ಎಲ್ಲರೂ ಒಟ್ಟಿಗೆ ಮಾತು, ಒಟ್ಟಿಗೆ ಕೈಬೀಸು. ಅತ್ತೆ ಎದ್ದು ಹಿಂದೆ ಸರಿಯುವಾಗ ಮೇಜಿನ ಮೇಲಿದ್ದ ದಪ್ಪ ಸೂಜಿ ಅವಳ ಅಂಗೈಗೆ ಹೊಕ್ಕಿತು. ರಕ್ತ ಬಂತು. ಎದುರಿನ ಔಷಧಿ ಅಂಗಡಿಯಿಂದ ಯಾರೋ ಫೋನಿನಲ್ಲಿ ಅದನ್ನು ಚಿತ್ರೀಕರಿಸಿದರು: ನೀಲಿ ಕೋಟುಗಳ ಗುಂಪು, ಗೋಡೆಗೆ ಒರಗಿದ ಮುದುಕಿ, ಕೈಯಲ್ಲಿ ರಕ್ತ. ಹನ್ನೊಂದು ಸೆಕೆಂಡು.

ಊರ ಬಾಯಿ ಮುಚ್ಚಲು ಮುಚ್ಚಳವಿಲ್ಲ. ಒಂಬತ್ತಕ್ಕೆ ಫೋನಿನ ಗುಂಪಿನಲ್ಲಿ 'ಮುತ್ತಿಗೆ ಹಾಕಿದರಂತೆ' ಎಂದಿತ್ತು. ಹತ್ತೂವರೆಗೆ 'ಕತ್ತರಿಯಿಂದ ಚುಚ್ಚಿದರಂತೆ'. ಮಧ್ಯಾಹ್ನದ ಹೊತ್ತಿಗೆ ಯಾರೋ ನನಗೇ ಫೋನ್ ಮಾಡಿ, "ನಿಮ್ಮತ್ತೆ ಯಾವ ಆಸ್ಪತ್ರೇಲಿದ್ದಾರೆ?" ಎಂದು ಕೇಳಿದರು. ಅತ್ತೆ ನನ್ನ ಅಡುಗೆಮನೆಯಲ್ಲಿ ಕೂತು, ಎಡಗೈಯಿಂದ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು.

ಮಂಗಳವಾರದಿಂದ ಬೀದಿಯೇ ಬೇರೆಯಾಯಿತು. ಹಾಲಿನ ಅಂಗಡಿಯ ಮುಂದೆ ನೀಲಿ ಕೋಟಿನವರು ನಿಂತರೆ ಉಳಿದವರು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಆಟದ ಬಯಲಿನಲ್ಲಿ ಎರಡೇ ಉಯ್ಯಾಲೆಗಳಿವೆ. ಅವರ ಮಕ್ಕಳು ಬಂದರೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೊರಟೆವು. ನಮ್ಮ ಮಕ್ಕಳಿದ್ದರೆ ಅವರು ಗೇಟಿನಿಂದಲೇ ತಿರುಗಿದರು. ಖಾಲಿ ಉಯ್ಯಾಲೆ ಗಾಳಿಗೆ ತೂಗುತ್ತಿತ್ತು. ಬೀದಿ ಸಂಘದವರು ಕಟ್ಟಡದ ಮಾಲೀಕನಿಗೆ ಕೊಡಲು ಪತ್ರ ಸಿದ್ಧಮಾಡಿ, ಮೊದಲು ಬಾಯಲ್ಲೇ ಕೇಳಿ ನೋಡಿದರು: ತಿಂಗಳ ಕೊನೆಗೆ ಹದಿನಾಲ್ಕು ಮನೆಗಳನ್ನೂ ಖಾಲಿ ಮಾಡಿಸಬೇಕು. ಮಾಲೀಕ ಬುದ್ಧಿವಂತ. "ಏಟು ತಿಂದ ಹೆಂಗಸು ಮೊದಲ ಸಹಿ ಹಾಕಲಿ, ಮಾಡಿಸ್ತೀನಿ," ಅಂದನಂತೆ. ಭಾನುವಾರ ನಾಲ್ಕಕ್ಕೆ ಸಭೆ. ಅತ್ತೆಯ ಒಂದು ಸಹಿಯ ಮೇಲೆ ಹದಿನಾಲ್ಕು ಮನೆ ನಿಂತಿದ್ದವು.

ನಾನು ದಿನಕ್ಕೆರಡು ಸಲ ಅತ್ತೆಯ ಕೈಯ ಪಟ್ಟಿ ಬದಲಿಸುತ್ತಿದ್ದೆ. ಕೀವಾದರೆ, ಜ್ವರ ಬಂದರೆ, ಸೂಜಿ ತುಕ್ಕು ಹಿಡಿದಿದ್ದರೆ, ಎಂದೆಲ್ಲ ನನ್ನ ಚಿಂತೆ. ಆ ಚಿಂತೆಯ ಮಧ್ಯೆ ಒಂದು ಪ್ರಶ್ನೆ ಎದ್ದು ನಿಂತಿತು. ಕಾರಣವಿಲ್ಲದೆ ಇಪ್ಪತ್ತು ಜನ ಬೆಳಗಿನ ಆರೂವರೆಗೆ, ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ, ಯಾಕೆ ಲಾಂಡ್ರಿಗೆ ಬರುತ್ತಾರೆ? ಗಲಾಟೆ ಮಾಡುವವರು ಕೋಟನ್ನು ಮಡಚಿಕೊಂಡು ತರುತ್ತಾರೆಯೇ? ಆ ಹನ್ನೊಂದು ಸೆಕೆಂಡುಗಳನ್ನು ನಾನು ಎಷ್ಟು ಸಲ ನೋಡಿದೆನೋ. ಮೂಲೆಯಲ್ಲಿ ಇಬ್ಬರು ಅತ್ತೆಯ ಕಡೆ ತಿರುಗಿಯೂ ನೋಡದೆ ತಮ್ಮತಮ್ಮಲ್ಲೇ ಕೋಟು ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಒಬ್ಬ ಉದ್ದನೆಯವನು ಕೋಟೊಂದನ್ನು ತೊಟ್ಟು ತೋರಿಸುತ್ತಿದ್ದ. ತೋಳು ಮೊಣಕೈಗೇ ನಿಂತಿತ್ತು.

"ಅತ್ತೆ, ಅವರು ಯಾಕೆ ಬಂದಿದ್ರು?"

"ಯಾಕೆ ಬರ್ತಾರೆ? ಜಗಳಕ್ಕೆ."

"ಏನು ಜಗಳ?"

"ಅವರ ಭಾಷೆ ನನಗೆ ಗೊತ್ತಾ? ಪಟ್ಟಿ ಬಿಗಿ ಆಯ್ತು, ಸಡಿಲ ಮಾಡು."

ಬುಧವಾರ ಅತ್ತೆಯ ಕನ್ನಡಕ ತರಲು ಲಾಂಡ್ರಿಗೆ ಹೋದೆ. ಕಪಾಟಿನ ಗೂಡುಗಳೆಲ್ಲ ಖಾಲಿಯಾಗುತ್ತ ಬಂದಿದ್ದವು, ಗುರುತು ನೋಡಿ ಗೂಡಿಗೆ ಹಾಕುವವರಿಲ್ಲ. ಆದರೆ ನೆಲದ ಮೇಲೆ ಗೋಡೆಗೆ ಒತ್ತಿದಂತೆ ನೀಲಿ ಕೋಟುಗಳ ರಾಶಿಯೊಂದಿತ್ತು. ಸುಮ್ಮನೆ ಒಂದರ ಕಾಲರ್ ತಿರುಗಿಸಿದೆ. ಕಪ್ಪು ದಾರದ ಒಂದು ಗೀಟು. ಇನ್ನೊಂದರಲ್ಲೂ ಕಪ್ಪು ಗೀಟು. ಮೂರನೆಯದರಲ್ಲೂ. ಕೂತುಕೊಂಡು ಇಪ್ಪತ್ತಾರು ಕೋಟು ನೋಡಿದೆ. ಇಪ್ಪತ್ತಾರರಲ್ಲೂ ಅದೇ ಒಂಟಿ ಗೀಟು.

ಮೂರೇ ತಿಂಗಳಿಗೆಂದು ಬಂದು ಹೋದ, ಜಮೀನು ಅಳೆಯುವ ಕೆಲಸದವನಿಗೂ ಅತ್ತೆ ಬೇರೆ ಗುರುತು ಹೊಲಿದಿದ್ದಳು. ಒಂಟಿ ಮನುಷ್ಯ, ಮೊದಲು ಏಳುವುದೂ ಅವನೇ, ಕೊನೆಗೆ ಏಳುವುದೂ ಅವನೇ ಎಂದು ಒಂದು ಸೊನ್ನೆ. ಇಲ್ಲಿ ಹದಿನಾಲ್ಕು ಮನೆಗೆ ಒಂದೇ ಹೊಲಿಗೆ.

ಲಾಂಡ್ರಿ ಯಜಮಾನನನ್ನು ಕೇಳಿದೆ. "ಅದಾ? ಅವರದ್ದು ಬೇರೆ ಯಂತ್ರಕ್ಕೆ ಹಾಕ್ತೀವಲ್ಲ, ಥಟ್ ಅಂತ ಗೊತ್ತಾಗ್ಲಿ ಅಂತ ಒಂದೇ ಗುರುತು. ನಿಮ್ಮತ್ತೇನೇ ಮಾಡಿದ್ದು."

"ಆಮೇಲೆ ಯಾರದು ಯಾರಿಗೆ ಅಂತ ಹೇಗೆ ಗೊತ್ತಾಗತ್ತೆ?"

"ಅವರವರೇ ಆರಿಸ್ಕೊಂಡು ಹೋಗ್ತಾರೆ. ಎಲ್ಲ ಒಂದೇ ಥರ ಕೋಟು ತಾನೆ? ಎಲ್ಲ ಒಂದೇ ಥರ ಜನ."

ಅವನು ಕೆಟ್ಟವನಲ್ಲ. ಮಗಳಿಗೆ ಮಿಠಾಯಿ ಕೊಟ್ಟು ಕಳಿಸಿದ.

ಗುರುವಾರ ಸಂಜೆ ನಾನು ಬೇಕೆಂದೇ ಆಟದ ಬಯಲಿಗೆ ಹೋಗಿ, ಅವರು ಬಂದಾಗ ಎದ್ದು ಹೋಗದೆ ಕೂತೆ. ಏನಾಗುತ್ತದೆಂದು ಹೆದರಿದ್ದೆನೋ ಈಗ ಕೇಳಿದರೆ ಹೇಳಲಾರೆ. ನೀಲಿ ಕೋಟಿನ ಹೆಂಗಸೊಬ್ಬಳು ತನ್ನ ಮಗಳ ಕೈ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಳು. ನನ್ನಷ್ಟೇ ವಯಸ್ಸಿರಬೇಕು. ನಾನು ಖಾಲಿ ಉಯ್ಯಾಲೆಯ ಕಡೆ ಕೈ ತೋರಿಸಿದೆ. ಆಕೆ ಬಂದು ಮಗುವನ್ನು ಕೂರಿಸಿ, ಮೊದಲು ಹಗ್ಗವನ್ನು ಎಳೆದೆಳೆದು ಪರೀಕ್ಷಿಸಿದಳು, ಎರಡು ಸಲ. ನಾನೂ ಹಾಗೇ ಮಾಡುತ್ತೇನೆ. ಎರಡೇ ಸಲ.

ಆಕೆಗೆ ನಮ್ಮ ಮಾತು ತಕ್ಕಮಟ್ಟಿಗೆ ಬರುತ್ತಿತ್ತು, ಒಂದೊಂದು ಪದವನ್ನೂ ನೆಲಕ್ಕೆ ಇಟ್ಟು ಇಟ್ಟು ಆಡುತ್ತಿದ್ದಳು.

"ಅಜ್ಜಿ ಕೈ?" ಅದೇ ಮೊದಲು ಕೇಳಿದ್ದು.

"ಪರವಾಗಿಲ್ಲ. ನೀವೆಲ್ಲ ಆವತ್ತು ಯಾಕೆ ಬಂದಿದ್ರಿ?"

"ಕೋಟು. ಆರು ತಿಂಗಳಿಂದ ಕೋಟು ತಪ್ಪು. ನನ್ನ ಗಂಡನಿಗೆ ದೊಡ್ಡ ಕೋಟು ಬಂತು. ತೋಳು ದೊಡ್ಡದಾದ್ರೆ ಯಂತ್ರಕ್ಕೆ ಸಿಕ್ಕುತ್ತೆ. ಮೇಸ್ತ್ರಿ ಒಳಗೆ ಬಿಡಲ್ಲ. ಮನೆಗೆ ಕಳಿಸ್ತಾರೆ. ಮೂರು ಸಲ ಕಳಿಸಿದ್ರು."

"ಲಾಂಡ್ರೀಲಿ ಹೇಳಲಿಲ್ವಾ?"

"ಹೇಳಿದೆ. ನಿಮ್ಮವರೇ ಯಾರೋ ತಗೊಂಡಿರ್ತಾರೆ, ನಿಮ್ಮವರನ್ನೇ ಕೇಳಿ, ಅಂದ್ರು. ಎಲ್ಲರಿಗೂ ಹಾಗೇ ಅಂದ್ರು. ಮನೇಲಿ ಜಗಳ ಆಯ್ತು. ನೀನು ಕದ್ದೆ, ನೀನು ಕದ್ದೆ. ಅಕ್ಕ ತಂಗಿ ಮಾತು ಬಿಟ್ರು." ಉಯ್ಯಾಲೆಯನ್ನು ಮೆಲ್ಲಗೆ ನೂಕಿದಳು. "ಒಬ್ಬೊಬ್ಬರೇ ಹೋದ್ರೆ ನಿಮ್ಮವರನ್ನ ಕೇಳಿ ಅಂತಾರೆ. ಅದಕ್ಕೆ ನಮ್ಮವರು ಎಲ್ಲ ಒಟ್ಟಿಗೆ ಹೋದ್ವಿ. ಅಲ್ಲೇ ಬದಲಾಯಿಸಿಕೊಳ್ಳೋಣ ಅಂತ."

ಅಷ್ಟರಲ್ಲಿ ನನ್ನ ಮಗಳು ಎಡವಿ ಬಿದ್ದಳು. ನಾನು ಹೌಹಾರಿ ಎದ್ದೆ. ಆಕೆ ಹತ್ತಿರವಿದ್ದಳು, ಎತ್ತಿಕೊಂಡು ಮಣ್ಣು ಕೊಡವಿದಳು. ಫ್ರಾಕಿನ ಕಾಲರ್ ಮಡಚಿಕೊಂಡಿತ್ತು, ಸರಿ ಮಾಡಲು ಹೋದವಳು ನೀಲಿ ಚುಕ್ಕೆಗಳನ್ನು ನೋಡಿದಳು.

"ಇದು ಏನು?"

"ನಮ್ಮನೆ ಗುರುತು."

"ನಿಮಗೆ ಬೇರೆನಾ?"

"ಪ್ರತಿ ಮನೆಗೂ ಬೇರೆ ಇರತ್ತೆ."

ತನ್ನ ಕೋಟಿನ ಕಾಲರನ್ನು ತಾನೇ ತಿರುಗಿಸಿ ಕಪ್ಪು ಗೀಟು ನೋಡಿಕೊಂಡಳು. "ನಾವು ಇದು ಅಂಗಡಿ ಮುದ್ರೆ ಅಂದುಕೊಂಡಿದ್ವಿ," ಅಂದಳು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು; ಆಕೆ ಏನೋ ಲೆಕ್ಕ ಕೂಡಿಸುವವಳ ಹಾಗೆ ಕಾಲರನ್ನೇ ಸವರುತ್ತ ಕೂತಳು. ಹೋಗುವಾಗ, ಒಂಬತ್ತನೇ ಮನೆಯವರು ನಾಳೆ ಬೆಳಗ್ಗೆ ಹೋಗುತ್ತಿದ್ದಾರೆ ಎಂದಳು. ಸಭೆಯವರೆಗೆ ಕಾಯುವ ಧೈರ್ಯ ಅವರಿಗಿಲ್ಲವಂತೆ.

ಶುಕ್ರವಾರ ಹೋದರು. ನಾನು ಕಿಟಕಿಯಿಂದ ನೋಡಿದೆ. ಗಂಡ, ಹೆಂಡತಿ, ಒಂದು ಹಾಸಿಗೆ ಸುರುಳಿ, ಒಂದು ಮಗು. ಬೇಕರಿಯವನು ತನ್ನ ಬಾಗಿಲಲ್ಲಿ ನಿಂತು ನೆಮ್ಮದಿಯಾಯಿತೆನ್ನುವಂತೆ ಕೈ ಒರೆಸಿಕೊಂಡ. ನನಗೂ ನೆಮ್ಮದಿಯಾಗುತ್ತದೇನೋ ಎಂದು ಕಾದೆ. ಆಗಲಿಲ್ಲ.

ಶನಿವಾರ ಮಧ್ಯಾಹ್ನ ಅತ್ತೆಯ ಪಟ್ಟಿ ಬಿಚ್ಚಿದೆ. ಗಾಯ ಒಣಗಿ ಎಳ್ಳಿನಷ್ಟಾಗಿತ್ತು. ನನ್ನ ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎಂದುಕೊಂಡು ಕೇಳಿಯೇಬಿಟ್ಟೆ.

"ಕಪ್ಪು ಗೀಟು ಯಾಕೆ ಅತ್ತೆ? ಎರಡು ಪ್ರಶ್ನೆ ಯಾಕೆ ಕೇಳಲಿಲ್ಲ ಅವರಿಗೆ?"

ಅತ್ತೆ ನನ್ನನ್ನೇ ನೋಡಿದಳು. "ನಿಜವಾಗ್ಲೂ ನೆನಪಿಲ್ವಾ ನಿನಗೆ?"

"ಏನು?"

"ಹೋದ ವರ್ಷ ಇವಳ ಕತ್ತಿಗೆ ಕೆಂಪು ಗುಳ್ಳೆ ಎದ್ದಿತ್ತು. ಅಂಗಡಿಗೆ ಓಡಿ ಬಂದೆ. ಏನಂದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಗಾದೆ ಹೇಳಿ ಎಷ್ಟು ಸಲ ನಕ್ಕಿಲ್ಲ! ನನ್ನ ಕೈ ತಾನೇ ನನ್ನ ಹೆಗಲಿಗೆ ಹೋಯಿತು. ನೆನಪಾಯಿತು. ಆಗ ಇನ್ನೂ ಮೂರೇ ಮನೆಯವರು ಬಂದಿದ್ದರು. ಅವರೂ ಲಾಂಡ್ರಿಗೆ ಬಟ್ಟೆ ಹಾಕುತ್ತಾರೆಂದು ತಿಳಿದಿತ್ತು. ನಾನು ಮೆಲುದನಿಯಲ್ಲಿ, ಯಾರಿಗೂ ಕೇಳಿಸದಂತೆ ಹೇಳಿದ್ದೆ: "ಅತ್ತೆ, ಮಗು ಬಟ್ಟೇನ ಅವರದ್ದರ ಜೊತೆ ಹಾಕಬೇಡ. ಏನು ರೋಗ ಇರತ್ತೋ ಏನೋ." ಆ ಗುಳ್ಳೆ ಹೊಸ ಉಣ್ಣೆ ಟೋಪಿಯಿಂದ ಆಗಿತ್ತೆಂದು ವಾರದಲ್ಲೇ ಗೊತ್ತಾಯಿತು. ಟೋಪಿ ತೆಗೆದಿಟ್ಟೆ, ಗುಳ್ಳೆ ಹೋಯಿತು. ಹೇಳಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲು ಹೋಗಲಿಲ್ಲ. ಆಡಿದ್ದೇ ಮರೆತಿದ್ದೆ.

"ನೀನು ಹೇಳಿ ಹೋದೆ. ಆ ಕಡೆ ನಿಂತಿದ್ದ ಡಾಕ್ಟರ ಹೆಂಡತಿ ಕೇಳಿಸ್ಕೊಂಡ್ಲು. ಓದಿದ ಹುಡುಗಿ ಹೇಳ್ತಿದ್ದಾಳೆ ಅಂದ್ರೆ ಏನೋ ಇರಬೇಕು ಅಂದ್ಲು. ಮಾರನೇ ದಿನ ನಾಲ್ಕು ಜನ ತಾಯಂದಿರು ಬಂದ್ರು. ವಾರದಲ್ಲಿ ಹನ್ನೊಂದು. ನಾನೇನು ಮಾಡ್ಲಿ? ಬೇರೆ ಯಂತ್ರಕ್ಕೆ ಹಾಕೋಕೆ ಒಂದು ಗೀಟು ಎಳೆದೆ. ಮೂರು ಮನೆಯಿದ್ದಾಗ ಕೋಟು ನೋಡಿದ್ರೇ ಗೊತ್ತಾಗ್ತಿತ್ತು ಯಾರದ್ದು ಅಂತ. ಹದಿನಾಲ್ಕು ಆದಾಗ ಬದಲಾಯಿಸಬೇಕಿತ್ತು."

"ಯಾಕೆ ಬದಲಾಯಿಸಲಿಲ್ಲ?"

ಅತ್ತೆ ಮಗುವಿನ ಕೂದಲಲ್ಲಿ ಬೆರಳಾಡಿಸಿದಳು. "ಅವರ ಹತ್ರ ಮಾತಾಡಬೇಕಾಗ್ತಿತ್ತಲ್ಲ," ಅಂದಳು.

ಅಷ್ಟೇ ಕಾರಣ. ಮಾವನ ಕೆಲಸವೂ ಅಲ್ಲ, ಮುಚ್ಚಳದ ಯಂತ್ರವೂ ಅಲ್ಲ. ನನ್ನ ಮಗಳ ಉಣ್ಣೆ ಟೋಪಿ, ಒಂದು ಪಿಸುಮಾತು, ಆಮೇಲೆ ಮಾತಾಡುವ ಕಷ್ಟ. ಬಹುಶಃ ಇನ್ನೂ ಬೇರೆ ಕಾರಣಗಳೂ ಇರಬೇಕು, ನನ್ನ ಕಣ್ಣಿಗೆ ಬೀಳದವು. ಆದರೆ ನಾನು ಹುಡುಕಿಕೊಂಡು ಹೋದ ದಾರದ ತುದಿ ಮಾತ್ರ ನನ್ನ ಕೈಯಲ್ಲೇ ಇತ್ತು.

"ನಾಳೆ ಸಹಿ ಹಾಕ್ತೀಯಾ?"

"ಹಾಕದೆ? ಮೂವತ್ತೊಂದು ವರ್ಷ ಒಂದು ಕರವಸ್ತ್ರ ಅದಲು ಬದಲಾಗಿಲ್ಲ ನನ್ನ ಕೈಯಲ್ಲಿ. ಬೀದಿಯಲ್ಲಿ ನನಗಿರೋದು ಅದೊಂದು ಹೆಸರು. ಈಗ ಎದ್ದು ನಿಂತು, ಆರು ತಿಂಗಳಿಂದ ತಪ್ಪು ಕೋಟು ಕೊಟ್ಟೋಳು ನಾನೇ, ಸೂಜಿ ಚುಚ್ಚಿಸ್ಕೊಂಡೋಳೂ ನಾನೇ ಅಂತ ಹೇಳ್ಲಾ? ಆಮೇಲೆ ನನ್ನ ಕೈಗೆ ಯಾರು ಬಟ್ಟೆ ಕೊಡ್ತಾರೆ?"

"ಒಂಬತ್ತನೇ ಮನೆಯವರು ಆಗ್ಲೇ ಹೋದ್ರು, ಅತ್ತೆ."

"ಗೊತ್ತು. ನೋಡ್ದೆ," ಅಂದಳು. ಮಗುವನ್ನು ನನ್ನ ಮಡಿಲಿಗೆ ಜಾರಿಸಿ ಎದ್ದುಹೋದಳು.

ಭಾನುವಾರದ ಸಭೆ ಶಾಲೆಯ ಒಂದು ಕೋಣೆಯಲ್ಲಿ. ಚಿಕ್ಕ ಮಕ್ಕಳ ಬೆಂಚು. ದೊಡ್ಡವರೆಲ್ಲ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದೆವು. ಹಿಂದಿನ ಕಟ್ಟಡದವರನ್ನು ಕರೆದಿರಲಿಲ್ಲ. ಆದರೂ ನೀಲಿ ಕೋಟಿನಾಕೆ ಬಾಗಿಲ ಹೊರಗೆ ನಿಂತಿದ್ದಳು. ಸಂಘದ ಕಾರ್ಯದರ್ಶಿ ನಿವೃತ್ತ ಅಂಚೆಯವರು, ಪತ್ರವನ್ನು ಎರಡು ಸಲ ಓದಿದರು. ಅದರಲ್ಲಿ 'ಮಾರಣಾಂತಿಕ' ಎನ್ನುವ ಪದವಿತ್ತು. ಅತ್ತೆ ತನ್ನ ಅಂಗೈ ನೋಡಿಕೊಂಡಳು.

"ಬನ್ನಿ ದಾರದತ್ತೆ, ಮೊದಲ ಸಹಿ ನಿಮ್ಮದು. ಹೆದರಬೇಡಿ, ನಾವೆಲ್ಲ ಇದ್ದೀವಿ."

ಅತ್ತೆ ಎದ್ದಳು. ಮೇಜಿನ ಹತ್ತಿರ ಹೋದಳು. ಪೆನ್ನು ತೆಗೆದುಕೊಂಡಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಕಾರ್ಯದರ್ಶಿಯ ಕಾಲರಿನ ಕಡೆ ನೋಡಿದಳು.

"ನಿಮ್ಮ ಮನೆ ಗುರುತು ಏನು, ಹೇಳಿ?"

"ಎರಡು ಹಳದಿ ಗೀಟು, ಮಧ್ಯೆ ಒಂದು ಗಂಟು. ಯಾಕೆ?"

"ನಿಮ್ಮ ಪಕ್ಕದ ಮನೇದು?"

"ನನಗೇನು ಗೊತ್ತು? ಕಪ್ಪೆ ಕಾಲಿನ ಥರ ಏನೋ."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ನಿಮ್ಮಿಬ್ಬರಿಗೂ ಒಂದೇ ಗೀಟು ಹಾಕಿದ್ದಿದ್ರೆ, ನಿಮ್ಮ ಪ್ಯಾಂಟು ಅವರ ಮನೇಲಿ, ಅವರ ಪ್ಯಾಂಟು ನಿಮ್ಮ ಮನೇಲಿ ಇರ್ತಿತ್ತು. ಒಂದು ಸಲ ಆದ್ರೆ ನಗ್ತಿದ್ರಿ. ಆರು ತಿಂಗಳು ಆದ್ರೆ ಏನು ಮಾಡ್ತಿದ್ರಿ?"

"ಬಂದು ಕೇಳ್ತಿದ್ದೆ."

"ಅವರೂ ಬಂದು ಕೇಳಿದ್ರು. ಹದಿನಾಲ್ಕು ಮನೆಗೆ ಒಂದೇ ಗೀಟು ಹಾಕಿದೋಳು ನಾನು. ಸೂಜಿ ನಂದು. ಕೈ ನಂದು. ನಾನೇ ಮೇಜಿನ ಮೇಲೆ ಊರಿದ್ದು. ಅವರಲ್ಲೊಬ್ಬ ತನ್ನ ಕೋಟಿನಿಂದ ನನ್ನ ರಕ್ತ ಒರೆಸೋಕೆ ಬಂದ. ನಾನು ಕಿರುಚಿಕೊಂಡೆ."

ಇದನ್ನು ನನಗೂ ಹೇಳಿರಲಿಲ್ಲ. ಆಮೇಲೆ ಬೇಕರಿಯವನು, "ಇಷ್ಟು ವರ್ಷ ಕೆಲಸ ಮಾಡಿ ಇಷ್ಟೂ ತಿಳೀಲಿಲ್ವಾ ನಿಮಗೆ? ಒಂದೇ ಗೀಟು ಹಾಕು ಅಂತ ಯಾರು ಹೇಳಿದ್ರು?" ಎಂದು ಕೂಗಿದ.

ಅತ್ತೆ ಬಾಯಿ ತೆರೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಡಾಕ್ಟರ ಹೆಂಡತಿ ತನ್ನ ಚೀಲದಲ್ಲಿ ಏನೋ ಹುಡುಕತೊಡಗಿದಳು. ಆ ಕ್ಷಣ ಸುಮ್ಮನಿದ್ದರೆ ನಾನು ಯಾವತ್ತೂ ಸುಮ್ಮನೆಯೇ ಇರುತ್ತೇನೆ ಎಂದು ಗೊತ್ತಾಯಿತು. ಮಗಳನ್ನು ಎತ್ತಿಕೊಂಡು ಎದ್ದೆ. ಆ ಚಿಕ್ಕ ಬೆಂಚಿನಿಂದ ಏಳುವುದೂ ಸುಲಭವಲ್ಲ.

"ನಾನು ಹೇಳಿದ್ದು. ಮಗಳಿಗೆ ಗುಳ್ಳೆ ಆಗಿತ್ತು. ಅವರಿಂದ ಬಂತು ಅಂದುಕೊಂಡೆ. ಟೋಪಿಯಿಂದ ಬಂದಿತ್ತು." ಇನ್ನೂ ಏನೋ ದೊಡ್ಡದು ಹೇಳಬೇಕೆಂದಿದ್ದೆ, ಬರಲಿಲ್ಲ. ಮಗಳು "ಟೋಪಿ" ಎಂದು ಗಟ್ಟಿಯಾಗಿ ಕೂಗಿದಳು.

ಮೊದಲ ಸಹಿ ಬೀಳಲಿಲ್ಲ, ಪತ್ರ ಹೋಗಲಿಲ್ಲ. ಎಲ್ಲರ ಮನಸ್ಸು ಬದಲಾಯಿತೆಂದು ಮಾತ್ರ ಯಾರೂ ತಿಳಿಯಬೇಡಿ. ನಾಲ್ಕು ಮನೆಯವರು ಬೇರೆ ಲಾಂಡ್ರಿ ಹಿಡಿದರು, ಅತ್ತೆ ಎಣಿಸಿದ್ದಂತೆಯೇ. ಬೀದಿಯ ಗುಂಪಿನಲ್ಲಿ ಹನ್ನೊಂದು ಸೆಕೆಂಡಿನ ಚಿತ್ರ ಇನ್ನೂ ಇದೆ; ಅತ್ತೆ ಸಭೆಯಲ್ಲಿ ಆಡಿದ ಮಾತನ್ನು ಯಾರೂ ಚಿತ್ರೀಕರಿಸಲಿಲ್ಲ. ನಾನೂ ಪೂರ್ತಿ ನೆಟ್ಟಗಾಗಿಲ್ಲ. ಮೊನ್ನೆ ನೀಲಿ ಕೋಟಿನಾಕೆಯ ಮಗಳು ಕೆಮ್ಮಿದಾಗ ನನ್ನ ಕೈ ಮಗಳ ಕಡೆ ಹೋಯಿತು. ಆಕೆಯ ಕೈಯೂ ತನ್ನ ಮಗಳ ಹಣೆಗೆ ಹೋಗಿತ್ತು. ಇಬ್ಬರೂ ನೋಡಿಕೊಂಡು ನಕ್ಕೆವು.

ಯಜಮಾನ ಗೊಣಗಿದರೂ ಅತ್ತೆ ತನ್ನ ಮೇಜಿಗೆ ಮರಳಿದಳು. ಸೋಮವಾರ ಬೆಳಗ್ಗೆ ಆರೂವರೆಗೆ ಹಿಂದಿನ ಕಟ್ಟಡದವರು ಮನೆಗೊಬ್ಬರಂತೆ ಸಾಲಾಗಿ ನಿಂತಿದ್ದರು. ನೀಲಿ ಕೋಟಿನಾಕೆ ಮಾತು ದಾಟಿಸಲು ಪಕ್ಕದಲ್ಲಿ ನಿಂತಳು.

"ಮನೇಲಿ ಎಷ್ಟು ಜನ? ಬೆಳಗ್ಗೆ ಮೊದಲು ಏಳೋದು ಯಾರು?"

ಮೊದಲನೆಯವನು ಗಾಬರಿಯಾದ, ಇದೇನು ವಿಚಾರಣೆಯೋ ಎಂದುಕೊಂಡನೋ ಏನೋ. ಆಮೇಲೆ ಏನೋ ಹೇಳಿದ, ಸಾಲಿನವರೆಲ್ಲ ನಕ್ಕರು.

"ಮೇಲಿನ ಮನೆಯವನ ಗೊರಕೆ ಅಂತೆ. ಅದಕ್ಕೆ ಎಲ್ಲರೂ ಏಳ್ತಾರಂತೆ," ಆಕೆ ದಾಟಿಸಿದಳು.

"ಹಾಗಾದ್ರೆ ಇವನಿಗೆ ಕೆಳಗೊಂದು ಅಲೆ, ಮೇಲಿನವನಿಗೆ ಮೇಲೊಂದು ಅಲೆ," ಎಂದು ಅತ್ತೆ ಸೂಜಿಯನ್ನು ಸೋಪಿನಿಂದ ಕಿತ್ತಳು. ಸಂಜೆಯ ಹೊತ್ತಿಗೆ ಹದಿಮೂರು ಗುರುತಾದವು. ಮನೆಗೆ ಬಂದು, "ಎಷ್ಟು ಜೋರಾಗಿ ಮಾತಾಡ್ತಾರಪ್ಪ ಆ ಜನ, ಕಿವಿ ತೂತು ಬಿತ್ತು," ಎಂದು ಶಾಪ ಹಾಕಿದಳು. ಹದಿಮೂರೂ ಮನೆಯಲ್ಲಿ ಮೊದಲು ಏಳುವವರು ಯಾರೆಂದು ಒಂದೂ ತಪ್ಪದೆ ಒಪ್ಪಿಸಿದಳು.

ಒಂಬತ್ತನೇ ಮನೆಯವರದೊಂದು ಕೋಟು ಲಾಂಡ್ರಿಯಲ್ಲೇ ಉಳಿದಿದೆ, ಹೆಂಗಸರ ಅಳತೆಯದು. ಅದರ ಕಪ್ಪು ಗೀಟನ್ನು ಅತ್ತೆ ಬಿಚ್ಚಿದ್ದಾಳೆ; ಬಿಚ್ಚಿದಲ್ಲಿ ಸೂಜಿಯ ತೂತುಗಳು ಸಾಲಾಗಿ ಕಾಣುತ್ತವೆ. ಕಿಟಕಿ ಪಕ್ಕದ ಮೊಳೆಗೆ ನೇತು ಹಾಕಿದ್ದಾಳೆ. ಕೋಟು ಕೊಡಲು ಬಂದ ಪ್ರತಿಯೊಬ್ಬರನ್ನೂ ಕೇಳುತ್ತಾಳೆ: ಆ ಮನೆಯಲ್ಲಿ ಬೆಳಗ್ಗೆ ಮೊದಲು ಏಳುತ್ತಿದ್ದವರು ಯಾರು? ಒಬ್ಬರು ಗಂಡ ಎನ್ನುತ್ತಾರೆ, ಇನ್ನೊಬ್ಬರು ಮಗು ಎನ್ನುತ್ತಾರೆ, ಸರಿಯಾಗಿ ಯಾರಿಗೂ ಗೊತ್ತಿಲ್ಲ. ನೀಲಿ ಕೋಟಿನಾಕೆ ಅವರಿಗೆ ಪತ್ರ ಬರೆದಿದ್ದಾಳೆ.

"ಉತ್ತರ ಬಂತೇನೇ?" ಎಂದು ಅತ್ತೆ ವಾರಕ್ಕೊಂದು ಸಲ ಕೇಳುತ್ತಾಳೆ. ಇನ್ನೂ ಇಲ್ಲ ಅಂದರೆ ನನ್ನ ಮೇಲೆಯೇ ರೇಗುತ್ತಾಳೆ. "ಗೊತ್ತಿಲ್ದೆ ಹೇಗೆ ಹೊಲಿಯೋದು? ಅಂದಾಜಿಗೆ ಹೊಲಿದಿದ್ದು ಒಂದು ಸಲ ಸಾಕಾಗ್ಲಿಲ್ವಾ ನಿನಗೆ?"